ಬಾಯಾರ ಸಣ್ಣ ಬಂದೂಕು

ಹೋದ ವಾರ ಮಾನ್ವಿಯಿಂದ ಬಂದ ನೆಂಟರೊಬ್ಬರು ಊಟಕ್ಕೆ ಕೂತಾಗ, ತಮ್ಮ ಓಣಿಯ ಡಾಕ್ಟರ್‌ಬಾಯಿ ತೀರಿಕೊಂಡ ಸುದ್ದಿ ಹೇಳಿದರು. ಮಧ್ಯಾಹ್ನ ಉಂಡು ಗೋಡೆಗೆ ಒರಗಿ ಕೂತವರು ಕೂತಲ್ಲೇ ಹೋದರಂತೆ. ನರಳಲಿಲ್ಲವಂತೆ. ಒಳ್ಳೇ ಸಾವು ಎಂದರು ನೆಂಟರು. ನಾನು ಹೌದೆಂದೆ. ಅವರಿಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋಗಿ ಸ್ವಲ್ಪ ಹೊತ್ತು ಒಬ್ಬಳೇ ನಿಂತೆ. ಅಳು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. ಬಾಯಾರನ್ನು ನೆನೆದರೆ ನನಗೆ ಮೊದಲಿನಿಂದಲೂ ಬರುವುದು ನಗುವೇ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ದವಾಖಾನೆಯ ಬಾಗಿಲಿಗೆ ಹೆಸರಿನ ಹಲಗೆ ಹಾಕಿಸುತ್ತೇವೆ ಎಂದು ಊರಿನವರು ಬಂದಾಗಲೇ ಅವರು ಒಪ್ಪಿರಲಿಲ್ಲ. ಹೆರಿಗೆ ಬ್ಯಾನಿ ಬಂದ ಹೆಂಗಸರಿಗೆ ಓದಲಿಕ್ಕೆ ಪುರಸೊತ್ತು ಇರುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಮೊದಲು ಅವರು ಇದ್ದ ದೇವದುರ್ಗದಲ್ಲಿ ಎಲ್ಲರಿಗೂ ಅವರು ಬಾಯಾರು. ನಾನೂ ಹಾಗೇ ಕರೆಯುತ್ತಿದ್ದೆ.

ನಾನು ದೇವದುರ್ಗದ ಹೆಣ್ಣುಮಕ್ಕಳ ಸಾಲಿಗೆ ಪಾಠ ಹೇಳುವ ಅಕ್ಕೋರಾಗಿ ಹೋದದ್ದು ದೊಡ್ಡ ಯುದ್ಧ ಮುಗಿಯುವ ಹೊತ್ತಿಗೆ. ಆಗಿನ್ನೂ ನಿಜಾಮರ ಕಾಲ. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ, ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುವಂಥದು. ಸಾಲಿಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಹೆರಿಗೆ ದವಾಖಾನೆ, ಅದರ ಪಕ್ಕಕ್ಕೆ ಬಾಯಾರ ಎರಡು ಕೋಣೆಯ ಮನೆ. ಅವರು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಮಾವನೇ ಮುಂದೆ ನಿಂತು ಹೈದರಾಬಾದಿಗೆ ಕಳಿಸಿ ಓದಿಸಿದ್ದರು. ಕುಳ್ಳಗೆ, ತುಂಬಿಕೊಂಡಂಥ ಮೈ. ಇಲಕಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಅಡುಗೆ ಬರುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದರು, ಇಲ್ಲವೆ ಹಾಕುತ್ತಲೇ ಇರಲಿಲ್ಲ. ದವಾಖಾನೆಯ ಸಾಮಾನು ಕುದಿಸುವಾಗ ವಚನ ಹಾಡುತ್ತಿದ್ದರು. ಅದು ಯಾವ ವಚನ ಎಂದು ರಾಗದ ಮೇಲೆ ಹೇಳಲು ಸಾಧ್ಯವಿರಲಿಲ್ಲ. ದವಾಖಾನೆಯ ಆಯಾ, ನಾವು ಖಾಲಾ ಎನ್ನುತ್ತಿದ್ದ ಮುದುಕಿ, ಹಾಡು ಶುರುವಾದರೆ ಬಾವಿಯ ಕಡೆಗೆ ನಡೆಯುತ್ತಿದ್ದಳು.

ಬಾಯಾರದು ಒಂದು ಮಾತಿತ್ತು. "ಅವಸರ ಇದ್ರ ಮೊದಲು ಕುಂದ್ರು." ಗಾಡಿಯಲ್ಲಿ ಸೊಸೆಯನ್ನು ಕರೆತಂದು ಎದೆ ಬಡಿದುಕೊಳ್ಳುವ ಅತ್ತೆಗೂ ಅದೇ ಮಾತು, ರೋಗಿಯ ಗಂಡನಿಗೂ ಅದೇ ಮಾತು. ಹೇಳಿ ತಾವು ಮಾತ್ರ ಓಡುತ್ತಿದ್ದರು.

ಇಂಥವರ ಕೈಗೆ ಬಂದೂಕು ಹೇಗೆ ಬಂತು ಎಂದರೆ, ಅದಕ್ಕೂ ದವಾಖಾನೆಯೇ ಕಾರಣ. ನಾನು ಹೋದ ವರ್ಷ ಗಬ್ಬೂರಿನ ಕಡೆಯಿಂದ ಹುಚ್ಚುನಾಯಿ ಕಚ್ಚಿದ ಒಬ್ಬ ಹೆಣ್ಣುಮಗಳನ್ನು ತಂದರು. ಕಚ್ಚಿ ಬಹಳ ದಿನವಾಗಿತ್ತು. ನೀರು ಕಂಡರೆ ಗಂಟಲು ಹಿಡಿಯುತ್ತಿತ್ತು. ಆ ಸ್ಥಿತಿಗೆ ಬಂದ ಮೇಲೆ ಯಾವ ಡಾಕ್ಟರಿಗೂ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಬಾಯಾರು ಅವಳ ಕೈ ಹಿಡಿದುಕೊಂಡು ಕೊನೆಯ ತನಕ ಕೂತರು. ಅದಾಗಿ ಸ್ವಲ್ಪ ದಿನಕ್ಕೇ ಸಂತಿಯಲ್ಲಿ ಇನ್ನೊಂದು ಹುಚ್ಚುನಾಯಿ ಬಂತು. ಜವಾನನೊಬ್ಬ ಹಳೇ ಬಂದೂಕಿನಲ್ಲಿ ಛರ್ರೆ, ಅಂದರೆ ಸೀಸದ ಸಣ್ಣ ಕಾಳು, ತುಂಬಿ ಹೊಡೆದ. ನಾಯಿ ತಪ್ಪಿಸಿಕೊಂಡಿತು, ಛರ್ರೆ ಅಲ್ಲೇ ಕೂತಿದ್ದ ಒಬ್ಬ ಬಳೆಗಾರ ಹೆಂಗಸಿನ ಕಾಲಿಗೆ ಬಡಿದವು. ಅವಳ ಮೀನಖಂಡದಿಂದ ಅವುಗಳನ್ನು ಬಾಯಾರು ಒಂದೊಂದಾಗಿ ತೆಗೆದರು. ತೆಗೆಯುತ್ತ ನನಗೆ ಹೇಳಿದರು, ಇನ್ನು ಮೇಲೆ ಈ ಕೆಲಸ ನಾನೇ ಮಾಡುತ್ತೇನೆ ಎಂದು. ಛರ್ರೆ ತೆಗೆಯುವ ಕೆಲಸ ಎಂದುಕೊಂಡೆ ನಾನು. ಅವರು ಹೇಳಿದ್ದು ನಾಯಿಯ ಕೆಲಸ.

ಪರವಾನಗಿಗೆ ರಾಯಚೂರಿನ ಕಚೇರಿಗೆ ಎಷ್ಟೋ ಸಲ ತಿರುಗಿದರು. ಅಲ್ಲಿಯ ಅಧಿಕಾರಿಯ ಹೆಂಡತಿಯ ಹೆರಿಗೆ ಇವರೇ ಮಾಡಿಸಿದ್ದರಿಂದ ಕೊನೆಗೆ ಸಿಕ್ಕಿತು ಎಂದು ಊರಲ್ಲಿ ಮಾತಿತ್ತು. ಇದ್ದರೂ ಇರಬಹುದು. ಕೊಳ್ಳಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು.

ರಾಯಚೂರಿನ ತೀನ್ ಕಂದೀಲ್ ಚೌಕದಿಂದ ಸ್ವಲ್ಪ ಒಳಗೆ ಹೋದರೆ ಒಬ್ಬ ವಯಸ್ಸಾದ ಸಾಹೇಬರ ಬಂದೂಕಿನ ಅಂಗಡಿ. ಇಬ್ಬರು ಹೆಂಗಸರು ಮೆಟ್ಟಿಲು ಹತ್ತಿದ್ದು ಕಂಡು ಅವರು ಗಡಿಯಾರ ರಿಪೇರಿಯ ಅಂಗಡಿ ಪಕ್ಕದ್ದು ಎಂದರು. ವಿಷಯ ತಿಳಿದ ಮೇಲೆ ಕುರ್ಚಿ ಒರೆಸಿ ಕೂಡಿಸಿದರು. ಮೊದಲು ತೋರಿಸಿದ್ದು ಒಂದು ಜೋಡುನಳಿಗೆಯ ದೊಡ್ಡ ಬಂದೂಕು. ಬಾಯಾರು ಅದನ್ನು ಎತ್ತಿ, ನಮ್ಮ ಊರಲ್ಲಿ ಹುಲಿ ಇಲ್ಲ, ಹೊಡೆದ ಮೇಲೆ ನನ್ನ ಹೆಗಲು ನನಗೇ ಬೇಕು ಎಂದು ಹಿಂದಕ್ಕೆ ಕೊಟ್ಟರು. ಆಮೇಲೆ ತಮಗೆ ಬೇಕಾದದ್ದನ್ನು ರೋಗಿಯ ಲಕ್ಷಣ ಹೇಳುವಂತೆ ಹೇಳಿದರು. ಹಗುರ ಇರಬೇಕು. ಒದೆಯಬಾರದು. ಸಪ್ಪಳ ಕಡಿಮೆ ಇರಬೇಕು. ಗುಂಡು ಅಗ್ಗ ಇರಬೇಕು, ಏಕೆಂದರೆ ಕಲಿಯುವವರು ಬಹಳ ಗುಂಡು ಹಾಳು ಮಾಡುತ್ತಾರೆ. ಇನ್ನೊಂದು ಮಾತು, ಅವರ ಬಲಗೈ ಮಣಿಕಟ್ಟು ಹೊರಳುತ್ತಿರಲಿಲ್ಲ. ಸಣ್ಣವರಿದ್ದಾಗ ಹುಣಸೆಮರದಿಂದ ಬಿದ್ದು ಮುರಿದದ್ದು ಸೊಟ್ಟಗೆ ಕೂಡಿತ್ತು. ಒಂದೊಂದು ಗುಂಡಿಗೂ ಚಿಲಕ ತಿರುವಿ ಎಳೆಯುವ ರೈಫಲ್ಲು ಅವರ ಕೈಗೆ ಆಗದು.

ಸಾಹೇಬರು ಒಳಗಿನಿಂದ ಒಂದು ಸಣ್ಣ ರೈಫಲ್ಲು ತಂದರು. ಬಾಯೀಸ್ ಬೋರ್ ಎಂದರು. ಇಪ್ಪತ್ತೆರಡರ ಸಣ್ಣ ನಳಿಗೆ, ಒಳಗೆ ಬಳಪದ ತುಂಡಿನಷ್ಟು ದಪ್ಪದ ತೋಟಾ. ಊರು ಬಿಟ್ಟು ಹೊರಟಿದ್ದ ರೈಲ್ವೆಯ ಒಬ್ಬ ಆಂಗ್ಲೋ-ಇಂಡಿಯನ್ ಹೆಂಗಸು ಮಾರಿ ಹೋದದ್ದಂತೆ. ಹಿಡಿಯೊಳಗಿನ ಕೊಳವೆಯಲ್ಲಿ ತೋಟಾಗಳು ಸಾಲಾಗಿ ಕೂತಿರುತ್ತವೆ. ಬೆರಳಿನಿಂದ ಕುದುರೆ ಎಳೆದರೆ ಒಂದು ಹಾರುತ್ತದೆ, ಖಾಲಿ ಹಿತ್ತಾಳೆ ಚಿಪ್ಪು ಹೊರಗೆ ಜಿಗಿಯುತ್ತದೆ, ಮುಂದಿನದು ತಾನಾಗಿ ಬಂದು ಕೂಡುತ್ತದೆ. ಮತ್ತೆ ಹಾರಬೇಕಾದರೆ ಮತ್ತೆ ಎಳೆಯಬೇಕು, ಅಷ್ಟೇ. ಚಿಲಕ ತಿರುವುವ ಕೆಲಸ ಇಲ್ಲ.

"ಬಚ್ಚೋಂಕಾ ಖೇಲ್ ಹೈ ಬಾಯಿಸಾಬ್," ಎಂದರು ಸಾಹೇಬರು. ಇದು ಮಕ್ಕಳಾಟದ ಸಾಮಾನು, ದೊಡ್ಡದು ತೆಗೆದುಕೊಳ್ಳಿ ಎಂಬ ಅರ್ಥದಲ್ಲಿ.

"ನಾವೂ ಕೂಸುಗಳೇ ಅದೀವ್ರಿ ಈ ಕೆಲಸಕ್ಕ," ಎಂದರು ಬಾಯಾರು. ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, "ಒಂದು ಗುಂಡಿಗೆ ಜೀವ ಹೋಗಲಿಲ್ಲಂದ್ರ, ಎರಡನೇದಕ್ಕ ಅದನ್ನ ಕಾಯಿಸಬಾರದು ನೋಡ್ರಿ. ಅದಕ್ಕ ಇದು ಬೇಕು," ಎಂದರು.

ಸಾಹೇಬರು ಆಮೇಲೆ ದೊಡ್ಡ ಬಂದೂಕಿನ ಮಾತೆತ್ತಲಿಲ್ಲ. ಅಂಗಡಿಯ ಹಿಂದಿನ ಕಲ್ಲಿನ ಗೋಡೆಯ ಮುಂದೆ ಮಣ್ಣಿನ ಚೀಲ ಇಟ್ಟು, ಸಂಜೆಯ ತನಕ ಅವರಿಗೆ ಹಿಡಿಯುವುದು, ತೆರೆಯುವುದು, ಒರೆಸುವುದು ಎಲ್ಲ ಕಲಿಸಿದರು. ತೋಟಾ ಇಲ್ಲದಾಗಲೂ ಇದೆ ಎಂದೇ ತಿಳಿಯಬೇಕು, ಮನುಷ್ಯರ ಕಡೆಗೆ ನಳಿಗೆ ತಿರುಗಬಾರದು. ಈ ಎರಡನ್ನು ಪಾಠದಂತೆ ಬಾಯಲ್ಲಿ ಹೇಳಿಸಿದರು. ಬಾಯಾರು ಕೈ ಕಟ್ಟಿಕೊಂಡು ಹೇಳಿದರು. ಅವರನ್ನು ವಿದ್ಯಾರ್ಥಿಯಾಗಿ ನಾನು ಕಂಡದ್ದು ಅದೊಂದೇ ಸಲ.

ಊರಿಗೆ ಬಂದ ಮೇಲೆ ನನಗೂ ಕಲಿಸುವುದಾಗಿ ಹೇಳಿದರು. ನಾನು ಹೆದರಿ ಒಲ್ಲೆನೆಂದೆ. ಪುರಾಣದ ಹೆಂಗಸರು ಹಿಡಿಯಲಿ, ನಾನು ಸೀಮೆಸುಣ್ಣ ಹಿಡಿದವಳು ಎಂದೆ. ಬಾಯಾರು, ಹೆರಿಗೆ ಅರ್ಧಕ್ಕೆ ಬಿಟ್ಟು ನಾಯಿಯ ಹಿಂದೆ ಹೋಗಲಿಕ್ಕೆ ನನಗೆ ಬರುವುದಿಲ್ಲ, ಆ ಹೊತ್ತಿಗೆ ಇನ್ನೊಬ್ಬರು ಬೇಕು ಎಂದರು. ಪರವಾನಗಿಯಲ್ಲಿ ನನ್ನ ಹೆಸರೂ ಸೇರಿತು.

ಊರ ಹೊರಗೆ ಕಲ್ಲು ಒಡೆದು ಬಿಟ್ಟ ಒಂದು ಹಳ್ಳ. ಅದರ ಎತ್ತರದ ದಂಡೆಗೆ ಸಗಣಿಯ ಕುಳ್ಳು ಆನಿಸಿ, ಕುಳ್ಳಿನ ನಡುವೆ ಸುಣ್ಣದ ಬೊಟ್ಟು ಇಡುತ್ತಿದ್ದೆವು. ರವಿವಾರ ಬೆಳಿಗ್ಗೆ ನಮ್ಮ ಪಾಠ. ಕೊಳವೆಯ ತುಂಬ ತೋಟಾ ತುಂಬಿ ಪಟಪಟ ಹೊಡೆಯಬಹುದಾಗಿದ್ದ ಆ ಬಂದೂಕಿನಲ್ಲಿ ಬಾಯಾರು ನನಗೆ ಎಷ್ಟೋ ತಿಂಗಳು ಒಂದೇ ತೋಟಾ ಹಾಕಿಕೊಟ್ಟರು. ಹೊಡಿ, ತೆಗೆ, ನೋಡು, ಕೆಳಗಿಡು. ಮತ್ತೆ ಒಂದು. ಹಿಂದೆ ಇನ್ನೊಂದಿದೆ ಎಂದು ಗೊತ್ತಾದರೆ ಮೊದಲನೆಯದರ ಮೇಲೆ ಮನಸ್ಸು ಇರುವುದಿಲ್ಲ ಎಂಬುದು ಅವರ ವಾದ. ನನಗೆ ಆಗ ಸಿಟ್ಟು ಬರುತ್ತಿತ್ತು.

ಕಲಿಸುವಾಗ ಅವರ ಬಾಯಿಗೆ ದವಾಖಾನೆಯ ಮಾತೇ ಬರುತ್ತಿತ್ತು. ಉಸಿರು ಎಳಕೋ, ಅರ್ಧ ಬಿಡು, ಹಿಡಿ, ಅವಸರ ಮಾಡಬೇಡ, ತಾನಾಗೇ ಬರ್ತದ. ನನಗೆ ನಗು ಬಂದು ಗುರಿ ತಪ್ಪುತ್ತಿತ್ತು. ಇದು ತಿರುಗಾಮುರುಗಾ ಆದದ್ದೂ ಉಂಟು. ಒಮ್ಮೆ ಹೆರಿಗೆ ಕೋಣೆಯಲ್ಲಿ ಒಬ್ಬಳಿಗೆ ಕಣ್ಣು ಮುಚ್ಚಬೇಡ, ಸುಣ್ಣದ ಬೊಟ್ಟು ನೋಡು ಎಂದರಂತೆ. ಆ ಹೆಂಗಸು ಬ್ಯಾನಿಯ ನಡುವೆಯೂ ಯಾವ ಬೊಟ್ಟು ಎಂದು ಗೋಡೆಯೆಲ್ಲ ಹುಡುಕಿದಳು ಎಂದು ಖಾಲಾ ಹೇಳಿ ಹೇಳಿ ನಗುತ್ತಿದ್ದಳು. ತೂತು ಬಿದ್ದ ಕುಳ್ಳುಗಳನ್ನು ಬಾಯಾರು ಹಾಳು ಮಾಡುತ್ತಿರಲಿಲ್ಲ, ಬುಟ್ಟಿಯಲ್ಲಿ ಹೊತ್ತು ತಂದು ಒಲೆಗೆ ಹಾಕಿಸುತ್ತಿದ್ದರು. ಬೂದಿಯಲ್ಲಿ ಸೀಸ ಸಿಗುತ್ತದೆ ಎಂದು ಖಾಲಾಳ ತಕರಾರು. ಆರೇಳು ತಿಂಗಳಿಗೆ ನನ್ನ ಗುಂಡು ಬೊಟ್ಟಿನ ಆಸುಪಾಸು ಬೀಳತೊಡಗಿತು. ಹೆಂಗಸರ ಹುಚ್ಚು ಎಂದು ಮೊದಮೊದಲು ದಂಡೆಯ ಮೇಲೆ ನಿಂತು ನಗುತ್ತಿದ್ದ ದನ ಕಾಯುವವರು ಆಮೇಲೆ ಬರುವುದನ್ನೇ ಬಿಟ್ಟರು. ನಾವು ನಗಿಸುವಷ್ಟು ತಪ್ಪುತ್ತಿರಲಿಲ್ಲ.

ಬಂದೂಕು ಇದ್ದವರಿಗೆ ಹೊಡೆ ಹೊಡೆ ಎನ್ನುವವರು ಬಹಳ. ಒಮ್ಮೆ ಬಜಾರದ ಬಟ್ಟೆ ಅಂಗಡಿಯ ಶೆಟ್ಟರಿಗೆ ಒಬ್ಬ ಕುರುಬರ ಮುದುಕನ ನಾಯಿ ಕಚ್ಚಿತು. ಮುದುಕ ಮೈಲಾರಲಿಂಗನ ಒಕ್ಕಲು. ಅವರಿಗೆ ನಾಯಿ ಅಂದರೆ ದೇವರ ಕಡೆಯದು. ಶೆಟ್ಟರ ಕಡೆಯವರು ಬಡಿಗೆ ಹಿಡಿದು ಮುದುಕನ ಮನೆಯ ಮುಂದೆ ಸೇರಿದರು. ಮುದುಕ ನಾಯಿಯನ್ನು ತಬ್ಬಿಕೊಂಡು ಬಾಗಿಲಲ್ಲಿ ಕೂತ. ಯಾರೋ ಓಡಿ ಬಂದು ಬಾಯಾರನ್ನು ಕರೆದರು. ಬಂದೂಕು ಹಿಡಿದು ಹೋದರು, ಜೊತೆಗೆ ನಾನು.

ಬಾಯಾರು ಸ್ವಲ್ಪ ದೂರದಲ್ಲಿ ನಿಂತು ನಾಯಿಯನ್ನು ನೋಡಿದರು. ಮುದುಕನಿಗೆ ನೀರು ಕುಡಿಸಲು ಹೇಳಿದರು. ಅದು ಕುಡಿಯಿತು. ಶೆಟ್ಟರನ್ನು ನೀವು ಏನು ಮಾಡಿದಿರಿ ಎಂದು ಕೇಳಿದರು. ಮಲಗಿದ್ದ ನಾಯಿಯ ಬಾಲ ತುಳಿದಿದ್ದರು. ಬಾಯಾರು ಎಲ್ಲರ ಮುಂದೆ ಬಂದೂಕು ತೆರೆದು ತೋಟಾಗಳನ್ನು ತೆಗೆದು ನನ್ನ ಕೈಗೆ ಹಾಕಿದರು.

ಶೆಟ್ಟರಿಗೆ ಸಿಟ್ಟು ಬಂತು. ತಾನು ಸಾಯಬೇಕೇ ಎಂದರು. ಈ ಹೆಂಗಸಿನ ಪರವಾನಗಿ ತೆಗೆಸುತ್ತೇನೆ, ಬಂದೂಕು ಯಾತಕ್ಕೆ ಕೊಟ್ಟಿದ್ದಾರೆ ಎಂದರು.

ಬಾಯಾರು ದನಿ ಏರಿಸಲಿಲ್ಲ. "ಶೆಟ್ಟರ, ನಾಯಿನ ಈಗ ಕೊಂದ್ರ ಅದು ಹುಚ್ಚು ಇತ್ತೋ ಇಲ್ಲೋ ಯಾರಿಗೂ ತಿಳಿಯೂದಿಲ್ಲ. ಆವಾಗ ಹೊಟ್ಟಿಗೆ ಪೂರಾ ಸೂಜಿ ತಗೋಬೇಕು ನೀವು. ಇಂದೇ ರಾಯಚೂರಿಂದ ಮದ್ದು ತರಿಸಿ ಸೂಜಿ ಶುರು ಮಾಡೂಣು. ನಾಯಿನ ನಾ ಕಟ್ಟಿ ಹಾಕ್ತೀನಿ. ಹತ್ತು ದಿನ ಬದುಕಿ ಉಳೀತಂದ್ರ ಸೂಜಿ ನಿಲ್ಲಿಸೂಣು. ಅದು ಬದುಕೂದು ನಿಮಗ ಬೇಕಾಗ್ಯದ."

ಹೊಟ್ಟೆಗೆ ಸೂಜಿ ಎಂದ ಕೂಡಲೇ ಶೆಟ್ಟರು ಮೆತ್ತಗಾದರು. ನಾಯಿಯನ್ನು ದವಾಖಾನೆಯ ಹಿತ್ತಲ ಬೇವಿನ ಮರಕ್ಕೆ ಸರಪಳಿಯಿಂದ ಕಟ್ಟಿದ್ದಾಯಿತು. ಮುದುಕ ಸ್ವಲ್ಪ ದೂರದಲ್ಲಿ ಕಂಬಳಿ ಹಾಸಿ ಕೂತ. ಶೆಟ್ಟರು ಸೂಜಿ ಚುಚ್ಚಿಸಿಕೊಂಡು ಹೊಟ್ಟೆ ಹಿಡಿದುಕೊಂಡು ದಿನಾ ಹಿತ್ತಲಿಗೆ ಬಂದು ನಾಯಿಯ ಯೋಗಕ್ಷೇಮ ವಿಚಾರಿಸುವರು. ಉಂಡಿತೇ, ನೀರು ಕುಡಿಯಿತೇ. ಒಂದು ದಿನ ಅದು ಬಿಸಿಲಿಗೆ ಸುಸ್ತಾಗಿ ಅಡ್ಡ ಬಿದ್ದದ್ದು ಕಂಡು ಶೆಟ್ಟರ ಮುಖ ಬಿಳಚಿತು. ಮನೆಯಿಂದ ಹಾಲು ತರಿಸಿದರು. ಬಾಯಾರಿಗೂ ಒಳಗೊಳಗೆ ಅಂಜಿಕೆ ಇತ್ತು. ದಿನಾ ಬೆಳಿಗ್ಗೆ ಎದ್ದು ಮೊದಲು ಬೇವಿನ ಮರದ ಕಡೆಗೇ ಹೋಗುತ್ತಿದ್ದರು, ಆ ದಿನಗಳಲ್ಲಿ ಹಾಡಲಿಲ್ಲ. ಕೊನೆಗೆ ನಾಯಿ ಮೈ ತುಂಬಿಕೊಂಡು ಮನೆಗೆ ಹೋಯಿತು. ಶೆಟ್ಟರು ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಆ ವರ್ಷದ ಸಂಕ್ರಮಣಕ್ಕೆ ದವಾಖಾನೆಗೆ ಬುಟ್ಟಿ ತುಂಬ ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ ಬಂತು. ಅರ್ಧ ಬುಟ್ಟಿ ಮುದುಕನ ಮನೆಗೆ ಹೋಯಿತು ಎಂದು ಶೆಟ್ಟರಿಗೂ ಗೊತ್ತು.

ನಾನು ಎಣಿಸಿ ನೋಡಿದರೆ, ಬಾಯಾರು ಆ ಬಂದೂಕಿನಿಂದ ನಿಜವಾಗಿ ಹೊಡೆದ ಹುಚ್ಚುನಾಯಿಗಳು ಬೆರಳೆಣಿಕೆಯಷ್ಟು. ಹೊಡೆದ ದಿನ ರಾತ್ರಿ ಉಣ್ಣುತ್ತಿರಲಿಲ್ಲ. ನಿಜಾಮರ ರಾಜ್ಯ ಹೋಗುವ ಗದ್ದಲದ ವರ್ಷ ಊರಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂದು ಹುಕುಂ ಬಂತು. ಬಾಯಾರು ಎಣ್ಣೆ ಹಚ್ಚಿ, ಹಳೇ ಸೀರೆಯಲ್ಲಿ ಕೂಸಿನಂತೆ ಸುತ್ತಿ ಒಯ್ದು ಕೊಟ್ಟು ಬಂದರು. ಅದು ಮರಳಿ ಬರಲಿಲ್ಲ. ಅವರು ಕೇಳಲೂ ಇಲ್ಲ. ಹುಚ್ಚುನಾಯಿಯ ಸೂಜಿ ಅಷ್ಟು ಹೊತ್ತಿಗೆ ದೇವದುರ್ಗದಲ್ಲೇ ಸಿಗುವಂತಾಗಿತ್ತು. ಅದಕ್ಕಾಗಿ ರಾಯಚೂರಿಗೆ ಕಾಗದದ ಮೇಲೆ ಕಾಗದ ಬರೆದವರೂ ಅವರೇ. ಆಮೇಲೆ ಅವರಿಗೆ ಮಾನ್ವಿಗೆ ಬದಲಿಯಾಯಿತು, ಅಲ್ಲೇ ನೆಲೆ ನಿಂತರು. ನನಗೆ ರಾಯಚೂರಿನಲ್ಲಿ ಮದುವೆಯಾಯಿತು. ವರ್ಷಕ್ಕೊಮ್ಮೆ ಹೋಗಿ ಅವರ ಉಪ್ಪಿಲ್ಲದ ಸಾರು ಉಂಡು ಬರುತ್ತಿದ್ದೆ.

ಆದರೆ ಬಂದೂಕು ಠಾಣೆಗೆ ಹೋಗುವ ಹಿಂದಿನ ಬೇಸಿಗೆಯ ಒಂದು ಬೆಳಿಗ್ಗೆಯನ್ನು ಹೇಳದೆ ಬಾಯಾರ ಮಾತು ಮುಗಿಸಲಾರೆ.

ಬೇಸಿಗೆಯಾದ್ದರಿಂದ ಬೆಳಗಿನ ಸಾಲಿ. ಮಗ್ಗಿ ಹೇಳಿಸುತ್ತಿದ್ದೆ. ಅಂಗಳದಲ್ಲಿ ಒಂದು ಕೆಂದು ಬಣ್ಣದ ನಾಯಿ ಬಂದು ನಿಂತಿತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಹಿಂಗಾಲು ಎಳೆಯುತ್ತಿತ್ತು. ಸುಮ್ಮಸುಮ್ಮನೆ ಗಾಳಿಯನ್ನು ಕಚ್ಚುತ್ತಿತ್ತು. ನಾನು ಬಾಗಿಲು ಹಾಕಿ, ದೊಡ್ಡ ಹುಡುಗಿಯರಿಗೆ ಮಗ್ಗಿ ನಿಲ್ಲಿಸಬೇಡಿರಿ ಎಂದು ಹೇಳಿ, ಹಿಂದಿನ ಕಿಟಕಿಯಿಂದ ಇಳಿದು ದವಾಖಾನೆಗೆ ಓಡಿದೆ.

ಹೆರಿಗೆ ಕೋಣೆಗೆ ಪರದೆ ಎಳೆದಿತ್ತು. ಒಳಗೆ ಒಬ್ಬಳು ಕೂಗುತ್ತಿದ್ದಳು. ನಾನು ಹೊರಗೆ ನಿಂತೇ ಹೇಳಿದೆ. ಬಾಯಾರು ಹೊರಗೆ ಬರಲಿಲ್ಲ.

"ಕೂಸಿನ ತಲಿ ಕಾಣಾಕತ್ಯದ, ನಾ ಬರಲಾರೆ. ನೀ ಹೋಗು," ಎಂಬ ಮಾತು ಬಂತು. "ಎರಡು ಹಾಕ್ಕೋ. ದೂರಿಂದ ಬ್ಯಾಡ. ಹಿಂದ ಏನದ ಅಂತ ನೋಡಿ ಹೊಡಿ."

ಅವರ ಮನೆಯಿಂದ ಬಂದೂಕು ತೆಗೆದುಕೊಂಡು ಎರಡು ತೋಟಾ ಹಾಕಿಕೊಂಡು ಗೋಡೆ ಸುತ್ತಿ ಬಂದೆ. ನಾಯಿ ಸಾಲಿಯ ಬಾಗಿಲ ಮುಂದೆಯೇ ನಿಂತಿತ್ತು. ಬಾಗಿಲು ಹಳೇ ಹಲಗೆಯದು. ಅದರ ಹಿಂದೆ ಏಳೊಂದ್ಲ ಏಳು, ಏಳೆರಡ್ಲ ಹದಿನಾಕು ಎಂದು ಹುಡುಗಿಯರ ದನಿ. ಕುದುರೆಯ ಹತ್ತಿರವೂ ಬೆರಳು ತರಲಿಲ್ಲ ನಾನು. ನಿಂತೆ. ಅದು ನನ್ನ ಕಡೆ ತಿರುಗಿತು. ನಾನು ಮೆಲ್ಲಗೆ ಪಕ್ಕಕ್ಕೆ ಸರಿದೆ, ಅದೂ ನನ್ನತ್ತ ಎರಡು ಹೆಜ್ಜೆ ಎಳೆಯಿತು. ಹೀಗೆ ಸರಿಯುತ್ತ ಸರಿಯುತ್ತ ನನಗೂ ಅಂಗಳದ ಮಣ್ಣಿನ ಗೋಡೆಗೂ ನಡುವೆ ಅದು ಬಂತು. ಈಗ ಹಿಂದೆ ಮಣ್ಣು ಮಾತ್ರ. ಹತ್ತಿರವೇ ಇತ್ತು. ಅದರ ಕಣ್ಣಲ್ಲಿ ಸಿಟ್ಟು ಇರಲಿಲ್ಲ, ಏನೂ ತಿಳಿಯದ ಗಾಬರಿ ಇತ್ತು. ಉಸಿರು ಅರ್ಧ ಬಿಟ್ಟು ಕುದುರೆ ಎಳೆದೆ. ಗುಂಡು ಭುಜಕ್ಕೆ ತಗುಲಿತು. ನಾಯಿ ಕೆಳಗೆ ಬಿದ್ದು ಮತ್ತೆ ಏಳಲು ನೋಡಿತು, ಒಂದು ಸಣ್ಣ ದನಿ ತೆಗೆಯಿತು. ನನ್ನ ಕಣ್ಣು ಅದರ ಮೇಲಿಂದ ಕದಲಲಿಲ್ಲ, ಕೈಗೂ ಬೇರೆ ಕೆಲಸ ಇರಲಿಲ್ಲ. ಮತ್ತೊಮ್ಮೆ ಎಳೆದೆ. ಅಷ್ಟಕ್ಕೆ ಮುಗಿಯಿತು. ಎರಡನೆಯದಕ್ಕೆ ಅದನ್ನು ಕಾಯಿಸಲಿಲ್ಲ.

ಒಳಗೆ ಮಗ್ಗಿ ನಿಂತಿತ್ತು. ಆಮೇಲೆ ಒಬ್ಬಳು ಶುರು ಮಾಡಿದಳು, ಎಲ್ಲರೂ ಸೇರಿದರು.

ಅಲ್ಲಿಯ ತನಕ ಗಟ್ಟಿಯಾಗಿದ್ದ ನನ್ನ ಕೈಗಳು ಆಮೇಲೆ ನಡುಗತೊಡಗಿದವು. ಬಂದೂಕು ತೆರೆದು ಖಾಲಿ ಇದೆಯೆಂದು ಎರಡೆರಡು ಸಲ ನೋಡಿದೆ. ಖಾಲಾ ಬಂದು ನಾಯಿಯ ಮೇಲೆ ಗೋಣಿ ಹೊದಿಸಿ, ಯಾರೂ ಹತ್ತಿರ ಹೋಗದಂತೆ ಕೋಲು ಹಿಡಿದು ನಿಂತಳು. ನಾನು ದವಾಖಾನೆಗೆ ಬಂದೆ. ಬಾಯಾರು ಪರದೆ ಸರಿಸಿ ಹೊರಗೆ ಬಂದರು. ಮೊಣಕೈ ತನಕ ತೊಳೆದ ಕೈ, ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ನನ್ನ ಮುಖ ನೋಡಿದರು, ಕೈ ನೋಡಿದರು. ಬಂದೂಕು ಮೂಲೆಗೆ ಇಡಲು ಕಣ್ಣಲ್ಲೇ ಹೇಳಿದರು.

"ಕೈ ತೊಳಕೊಂಡು ಕುಂದ್ರು. ಇದನ್ನ ಹಿಡಕೋ."

ಕೈಗಳು ನಡುಗುತ್ತಿವೆ, ಬೀಳಿಸುತ್ತೇನೆ ಎಂದೆ.

"ಬೀಳಿಸೂದಿಲ್ಲ. ಇದನ್ನ ಹಿಡಕೊಂಡ ಕೈ ನಡುಗಿದ್ದು ನಾ ನೋಡಿಲ್ಲ," ಎಂದು ಹೇಳಿ ಆ ಗಂಟನ್ನು ನನ್ನ ಮಡಿಲಿಗೆ ಇಟ್ಟುಬಿಟ್ಟರು. ಇನ್ನೂ ಬಿಸಿಯಾಗಿತ್ತು. ಕೆಂಪಗೆ, ಸುಕ್ಕು ಸುಕ್ಕು ಹಣೆ, ಲೋಕದ ಮೇಲೆಲ್ಲ ತಕರಾರು ಇದ್ದಂಥ ಕೂಸಿನ ಮುಖ. ಎಷ್ಟು ಹೊತ್ತು ನೋಡುತ್ತ ಕೂತೆನೋ. ಕೈಯ ಕಡೆ ಗಮನ ಹೋದಾಗ ಅವು ತಣ್ಣಗೆ ನಿಂತಿದ್ದವು.

ಒಳಗಿನಿಂದ ಬಾಣಂತಿಯ ಸೋತ ದನಿ ಬಂತು. ಅವಳು ಮಾನ್ವಿ ಕಡೆಗೆ ಕೊಟ್ಟ ಹೆಣ್ಣುಮಗಳು, ಹೆರಿಗೆಗೆ ತವರಿಗೆ ಬಂದಿದ್ದಳು, ಬಾಯಾರ ಬಂದೂಕಿನ ಸುದ್ದಿ ತಿಳಿಯದವಳು. "ಬಾಯಾರ, ಆಗ ಡಬ್ ಡಬ್ ಅಂತ ಅದೇನ್ರೀ ಸಪ್ಪಳ?"

"ನಿನಗ ಮಗಳು ಹುಟ್ಟಿದ್ಲಂತ ಪಟಾಕಿ ಹೊಡದ್ರು," ಎಂದರು ಬಾಯಾರು.

ಬಾಣಂತಿ ನಗುವ ದನಿಯಲ್ಲಿ ಕೇಳಿದಳು. "ಹೆಣ್ಣು ಹುಟ್ಟಿದ್ರ ಪಟಾಕಿ ಯಾರು ಹೊಡೀತಾರ್ರೀ?"

ಬಾಯಾರು ನನ್ನ ಕಡೆ ನೋಡಿದರು.

"ನಮ್ಮ ಅಕ್ಕೋರು ಹೊಡದ್ರು," ಎಂದರು. "ಒಂದಲ್ಲ, ಎರಡು."